ಹಿಂದಕ್ಕೆ ಎಳೆದುಕೊಂಡ ಕೈ

ಮೊನ್ನೆ ಮಂಗಳವಾರ, ಎರಡು ವರ್ಷಗಳಿಂದ ವಾರಕ್ಕೆ ಮೂರು ಸಲ ತಪ್ಪದೆ ನಮ್ಮ ಡಯಾಲಿಸಿಸ್ ಘಟಕಕ್ಕೆ ಬರುತ್ತಿದ್ದ ಅಜ್ಜಿಯೊಬ್ಬರು, ನಾನು ಸೂಜಿ ಹಾಕಲೆಂದು ಸ್ಪಿರಿಟ್ ಹಚ್ಚುತ್ತಿದ್ದಂತೆ ಎಡಗೈಯನ್ನು ಹಿಂದಕ್ಕೆಳೆದು ಸೆರಗಿನಲ್ಲಿ ಮುಚ್ಚಿಕೊಂಡರು. "ಸಾಕು ಮಗಾ, ಇನ್ನು ಬೇಡ" ಎಂದರು. ಪಕ್ಕದಲ್ಲಿದ್ದ ಮಗ, "ಅವರ ಮಾತು ಕೇಳ್ಬೇಡಿ ಸಿಸ್ಟರ್, ನಾನು ಸೈನ್ ಮಾಡಿದ್ದೀನಲ್ಲ, ನೀವು ಹಾಕಿ" ಎಂದ.

ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆಂದು ಅಪಧಮನಿಯನ್ನು ಅಭಿಧಮನಿಗೆ ಸೇರಿಸಿ ಹೊಲಿದ ಜೋಡಣೆ, ಇರುವ ಆ ಕೈಯನ್ನು ನಾನು ಚೆನ್ನಾಗಿ ಬಲ್ಲೆ. ರಕ್ತನಾಳ ಹಗ್ಗದಂತೆ ಉಬ್ಬಿದೆ. ಬೆರಳಿಟ್ಟರೆ ಒಳಗೆ ರಕ್ತ ಜುಂಯ್ ಎಂದು ಹರಿಯುವುದು ತಿಳಿಯುತ್ತದೆ. ಆ ಕಂಪನ ಇದೆಯೇ ಎಂದು ಪ್ರತಿ ಸಲವೂ ಮುಟ್ಟಿ ನೋಡಿದ್ದೇನೆ. ಸೂಜಿ ಹಾಕಲೇ ಎಂದು ಒಮ್ಮೆಯೂ ಕೇಳಿಲ್ಲ.

ಮಗ ಕೆಟ್ಟವನಲ್ಲ. ಕೂಲಿ ಬಿಟ್ಟು ತಾಯಿಯನ್ನು ಬಸ್ಸಿನಲ್ಲಿ ಕರೆತರುತ್ತಾನೆ. ಆದರೆ ಸ್ವಂತ ಬುದ್ಧಿಯಿಂದ ತೀರ್ಮಾನಿಸಬಲ್ಲ ವಯಸ್ಕರ ಪರವಾಗಿ ಹೆತ್ತ ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದೆಂದು ಸುಪ್ರೀಂ ಕೋರ್ಟು 2008ರಲ್ಲೇ, ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಹೇಳಿದೆ. ಅಂಥವರು ಜೀವ ಉಳಿಸುವ ಚಿಕಿತ್ಸೆಯನ್ನೂ ನಿರಾಕರಿಸಬಹುದೆಂಬುದನ್ನು 2018ರ ಮಾರ್ಚ್ 9ರಂದು ಸಂವಿಧಾನ ಪೀಠ ಎತ್ತಿಹಿಡಿಯಿತು. ಹೀಗಿದ್ದರೂ ನಮ್ಮ ಫೈಲುಗಳ ತುಂಬ ಮಕ್ಕಳ ಸಹಿಗಳೇ ಇವೆ.

ಡ್ಯೂಟಿ ಡಾಕ್ಟರ್ ಬಂದವರೇ, "ರಕ್ತದಲ್ಲಿ ಯೂರಿಯಾ ಏರಿ ತಲೆ ಮಂಕಾಗಿರಬಹುದು" ಎಂದರು. ಅದು ಸುಳ್ಳು ಅನುಮಾನವಲ್ಲ. ಖಿನ್ನತೆಯೂ ಹಾಗೆ ಮಾತಾಡಿಸಬಹುದು. ಡಯಾಲಿಸಿಸ್ ನಿಲ್ಲಿಸಿದರೆ ಏನಾಗುತ್ತದೆಂದು ಅಜ್ಜಿಯನ್ನೇ ಕೇಳಿದೆವು. "ಮೈಯಲ್ಲಿ ನೀರು ತುಂಬುತ್ತೆ, ಉಸಿರು ಕಟ್ಟುತ್ತೆ, ಸ್ವಲ್ಪ ದಿನಕ್ಕೆ ಹೋಗ್ತೀನಿ. ಗೊತ್ತಿಲ್ದೆ ಹೇಳ್ತೀನಾ?" ಎಂದರು. ಎರಡು ವರ್ಷ ಸುಮ್ಮನೆ ಕೈ ಚಾಚಿದಾಗ ಅವರ ತಲೆ ನೆಟ್ಟಗಿದೆಯೇ ಎಂದು ನಾವ್ಯಾರೂ ವಿಚಾರಿಸಿರಲಿಲ್ಲ. ಬೇಡವೆಂದ ಕ್ಷಣವೇ ವಿಚಾರಿಸಿದೆವು. ವಾರವಿಡೀ ನನ್ನನ್ನು ಕಾಡುತ್ತಿರುವುದು ಇದೇ.

ಪಕ್ಕದಲ್ಲಿ ಕುಳಿತು ಕೇಳಿದಾಗ ಉಳಿದದ್ದನ್ನೂ ಹೇಳಿಕೊಂಡರು: ನಾಲ್ಕು ಗಂಟೆ ಮುಗಿಯುತ್ತಲೇ ಮೀನಖಂಡ ಹಿಡಿದುಕೊಳ್ಳುವುದು, ಆ ರಾತ್ರಿಯೆಲ್ಲ ಸುಸ್ತು, ಚೇತರಿಸಿಕೊಳ್ಳುವ ಹೊತ್ತಿಗೆ ಮತ್ತೆ ಬಸ್ಸು. ಕಾಲಿನ ಸೆಳೆತಕ್ಕೆ ಉಪಾಯವಿದೆ, ನೀರು ತೆಗೆಯುವ ವೇಗವನ್ನು ಇಳಿಸಬಹುದು. ಇದನ್ನು ಅವರನ್ನು ಒಪ್ಪಿಸುವ ತಂತ್ರವಾಗಿ ಅಲ್ಲ, ಮೊದಲೇ ಕೊಡಬೇಕಿದ್ದ ಶುಶ್ರೂಷೆಯೆಂದು ಹೇಳಬೇಕಿತ್ತು, ಹಾಗೆಯೇ ಹೇಳಿದೆ. ಅವರು ಒಪ್ಪಲಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆಯೆಂದು ನೋಡಿಸಿ, ಉಸಿರು ಸಿಕ್ಕಿಕೊಂಡರೆ ತಕ್ಷಣ ಬರಬೇಕೆಂದು ತಿಳಿಸಿ ಡಾಕ್ಟರ್ ಕಳಿಸಿಕೊಟ್ಟರು. ಇಂಥಲ್ಲಿ "ರೋಗಿ ಸಹಕರಿಸಲಿಲ್ಲ" ಎಂದು ಬರೆಯುವುದು ನಮ್ಮಲ್ಲಿ ರೂಢಿ. ನಾನು ಅಜ್ಜಿಯ ಮಾತುಗಳನ್ನೇ ಬರೆದೆ.

ಗುರುವಾರ ಅವರು ಬಂದರು. ಕೈ ಸೆರಗಿನೊಳಗೇ ಇತ್ತು.

"ಅಜ್ಜೀ, ಹಾಕಲಾ?"

ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ ಕೈ ಹೊರತೆಗೆದರು.

"ಇವತ್ತು ಹಾಕು. ಶನಿವಾರ ಮತ್ತೆ ಕೇಳು."