ಅಂಗಿ ಆಮೇಲೆ, ಮೊದಲು ಪ್ರಾಣಿ

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಮಂಗಳೂರಿನಲ್ಲೇ ಕೂತು ಮಾಡುತ್ತೇನೆ. ಮೀನು ಮಾರುವ ಬೆಕ್ಕು, ಬಸ್ಸಿನಲ್ಲಿ ಟಿಕೆಟ್ ಕೊಡುವ ಕೋತಿ, ಕನ್ನಡಕ ಹಾಕಿ ಪೇಪರ್ ಓದುವ ಆಮೆ, ಇಂಥದ್ದೇ ಜಾಸ್ತಿ ಬರುತ್ತದೆ. ಸುಮ್ನೆ ಮನುಷ್ಯನ ಮೈಗೆ ಬೆಕ್ಕಿನ ತಲೆ ಇಟ್ಟರೆ ಅದು ಬೆಕ್ಕಾಗುವುದಿಲ್ಲ, ಮುಖವಾಡ ಹಾಕಿದ ಮನುಷ್ಯ ಆಗುತ್ತದೆ. ಮಕ್ಕಳು ಇದನ್ನು ಥಟ್ಟನೆ ಗುರುತಿಸುತ್ತಾರೆ.

ಕಾಲನ್ನೇ ನೋಡಿ. ನಾಯಿಯ ಹಿಂಗಾಲಿನಲ್ಲಿ ಹಿಂದಕ್ಕೆ ಮಡಚಿದಂತೆ ಕಾಣುವ ಗಂಟು ಮೊಣಕಾಲಲ್ಲ, ಹಿಮ್ಮಡಿ. ಮೊಣಕಾಲು ಇನ್ನೂ ಮೇಲೆ, ಹೊಟ್ಟೆಯ ಹತ್ತಿರ ಇದೆ. ಇದು ತಿಳಿದರೆ ಚಡ್ಡಿ ಎಲ್ಲಿ ಮುಗಿಯಬೇಕು, ಕೂತಾಗ ಬಟ್ಟೆ ಎಲ್ಲಿ ನೆರಿಗೆ ಬೀಳಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಬೆಕ್ಕಿನ ಕೊರಳೆಲುಬು (ಕಾಲರ್ ಬೋನ್) ತೀರ ಚಿಕ್ಕದು, ಬೇರೆ ಎಲುಬಿಗೆ ಕೂಡಿಕೊಂಡಿಲ್ಲ. ಭುಜ ಕಿರಿದು. ಅಂಗಿ ಅದರ ಮೇಲೆ ನಿಲ್ಲುವುದಿಲ್ಲ, ಜಾರುತ್ತದೆ. ಆ ಜಾರುವ ಅಂಗಿಯನ್ನೇ ಬರೆಯಿರಿ, ಎಷ್ಟು ಚಂದ ಬರುತ್ತದೆ ನೋಡಿ!

ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಮೊಲಗಳನ್ನು ಮನೆಯಲ್ಲೇ ಸಾಕಿ, ನೋಡಿ ನೋಡಿ ಬರೆದವರು. 1902ರಲ್ಲಿ ಬಂದ ಅವರ ಪೀಟರ್ ಮೊಲದ ಕಥೆಯಲ್ಲಿ ಪೀಟರ್ ಬೂಟು ಕಳೆದುಕೊಂಡು ನಾಲ್ಕು ಕಾಲಲ್ಲಿ ಓಡುತ್ತಾನೆ. ಆಮೇಲೆ ಗುಂಡಿಗಳು ಬಲೆಗೆ ಸಿಕ್ಕಿ ನೀಲಿ ಕೋಟೂ ಹೋಗುತ್ತದೆ. ಉಳಿಯುವುದು ಅಪ್ಪಟ ಮೊಲ. ಕೋಟಿನೊಳಗೆ ಮೊದಲಿನಿಂದಲೂ ಇದ್ದದ್ದು ಅದೇ ಅಲ್ವಾ?

ನಮ್ಮ ಹುಲಿವೇಷದವರು ಇದನ್ನೇ ತಿರುಗಿಸಿ ಮಾಡುತ್ತಾರೆ. ಮಂಗಳೂರು ದಸರಾಕ್ಕೋ ಉಡುಪಿಯಲ್ಲಿ ಕೃಷ್ಣಾಷ್ಟಮಿಗೆ ನಡೆಯುವ ವಿಟ್ಲಪಿಂಡಿಗೋ ಹೋದರೆ ನಾನು ಬಣ್ಣಕ್ಕಿಂತ ಭುಜ ನೋಡುತ್ತೇನೆ. ತಾಸೆ ವಾದ್ಯದ ಬಡಿತಕ್ಕೆ ಬೆನ್ನು ಬಾಗಿ ಭುಜ ಮುಂದೆ ಬಂತೆಂದರೆ, ಪಕ್ಕದಲ್ಲಿ ಕುಣಿಯುವ ಬಣ್ಣವಿಲ್ಲದ ಹುಡುಗನೂ ಹುಲಿಯೇ.

ಭಂಗಿಗಳಿಗೆ ಮಲ್ಪೆ ಬಂದರಿನಷ್ಟು ಒಳ್ಳೆಯ ಜಾಗ ನನಗೆ ಬೇರೆ ಸಿಕ್ಕಿಲ್ಲ. ಬೋಟಿನಿಂದ ಬಂಗುಡೆ ಇಳಿಯುವಾಗ ಕೊಕ್ಕರೆ ಕತ್ತು ಒಳಗೆಳೆದುಕೊಂಡು ಕಾಯುತ್ತದೆ, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತ ಅಜ್ಜನ ಹಾಗೆ. ರೆಕ್ಕೆಗೊಂದು ಚೀಲ ನೇತುಹಾಕಿದರೆ ಸಾಕು, ಚಿತ್ರ ಆಯಿತು.

ಪ್ರಕಾಶಕರು ‘ಕೋತಿ ಸ್ವಲ್ಪ ನಗಲಿ’ ಎಂದರೆ ನಾನು ಸಾಲು ಹಲ್ಲು ಬರೆಯುವುದಿಲ್ಲ. ನಮ್ಮ ಕೋತಿಗಳು ಹಲ್ಲು ಕಿರಿಯುವುದು ಹೆಚ್ಚಾಗಿ ಹೆದರಿದಾಗ. ಆಟದ ಖುಷಿಯಲ್ಲಿ ಅವು ಬಾಯಿ ಸಡಿಲವಾಗಿ ತೆರೆಯುತ್ತವೆ. ಆ ಬಾಯಿ ಬರೆದು, ಕಾರಣವನ್ನೂ ಎರಡು ಸಾಲಲ್ಲಿ ಬರೆದು ಕಳಿಸುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ.