ಸಾರಾ ಆಂಟಿಯ ಹೆಸರಿಗೆ ಒಂದು ದೀಪ

ಕೊಚ್ಚಿಯ ಮಟ್ಟಾಂಚೇರಿಯ ಜ್ಯೂ ಟೌನ್ ಬೀದಿಯಲ್ಲಿ ಸಾರಾ ಕೊಹೆನ್ ಎಲ್ಲರಿಗೂ ಸಾರಾ ಆಂಟಿ. ಯಹೂದಿ ಗಂಡಸರ ಕಿಪ್ಪಾ ಟೋಪಿಗೆ, ಶಬ್ಬತ್ (ಶುಕ್ರವಾರ ಸಂಜೆ ಶುರುವಾಗುವ ವಾರದ ವಿಶ್ರಾಂತಿ ದಿನ) ರೊಟ್ಟಿಗೆ ಹೊದಿಸುವ ಬಟ್ಟೆಗೆ ಕೈಯಲ್ಲೇ ಕಸೂತಿ ಹಾಕಿ ಅಂಗಡಿಯಲ್ಲಿಟ್ಟು ಮಾರುತ್ತಿದ್ದವರು. ಬೀದಿಯ ಯಹೂದಿ ಮನೆಗಳು ಒಂದೊಂದಾಗಿ ಇಸ್ರೇಲಿಗೆ ಹೊರಟರೂ ಅವರು ಊರು ಬಿಡಲಿಲ್ಲ. ಗಂಡ ಜೇಕಬ್ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಆ ಮನೆಯಲ್ಲಿ ಕೊನೆತನಕ ಅವರನ್ನು ನೋಡಿಕೊಂಡವರು ಮುಸ್ಲಿಮರಾದ ತಾಹಾ ಇಬ್ರಾಹಿಂ. ಹುಡುಗನಾಗಿದ್ದಾಗ ಅದೇ ಬೀದಿಯಲ್ಲಿ ಪೋಸ್ಟ್‌ಕಾರ್ಡ್ ಮಾರುತ್ತಿದ್ದ ಅವರಿಗೆ ಸಾಮಾನಿಡಲು ಜಾಗ ಕೊಟ್ಟದ್ದು ಈ ಮನೆಯೇ. 2019ರ ಆಗಸ್ಟ್ 30ರ ಶುಕ್ರವಾರ, 96ನೇ ವಯಸ್ಸಿನಲ್ಲಿ ಸಾರಾ ಆಂಟಿ ತೀರಿಕೊಂಡರು.

ಮಕ್ಕಳಿಲ್ಲದವರ ವರ್ಷದ ದಿನವನ್ನು ಯಾರು ನಡೆಸಬೇಕು? ಸಮುದಾಯದ ಯಾರೂ ನಡೆಸಬಹುದು. ಮೊದಲು ದಿನ ಸರಿಯಾಗಿ ಹಿಡಿಯಬೇಕು. ನಮ್ಮಲ್ಲಿ ಶ್ರಾದ್ಧಕ್ಕೆ ತಿಥಿ ನೋಡುವಂತೆ ಯಹೂದಿಗಳಲ್ಲೂ ಚಾಂದ್ರಮಾಸದ ದಿನವೇ ಲೆಕ್ಕ. ಆ ಶುಕ್ರವಾರದ ಹಗಲು ಅವ್ ಮಾಸದ 29. ಕ್ಯಾಲೆಂಡರಿನಲ್ಲಿ ಇದು ಓಡಾಡುತ್ತಲೇ ಇರುತ್ತದೆ: 2024ರಲ್ಲಿ ಸೆಪ್ಟೆಂಬರ್ 2ಕ್ಕೆ ಬಂದದ್ದು 2025ರಲ್ಲಿ ಆಗಸ್ಟ್ 23ಕ್ಕೆ ಬಂತು. ಎಷ್ಟೋ ಜನ ಎಡವುವುದು ಇನ್ನೊಂದು ಕಡೆ. ಯಹೂದಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಸಂಜೆ ಆರಕ್ಕೆ ಹೋದ ಜೀವಕ್ಕೂ ಏಳಕ್ಕೆ ಹೋದ ಜೀವಕ್ಕೂ ತಿಥಿ ಬೇರೆಯಾಗಬಹುದು. ಹಾಗಾಗಿ ಸಾವಿನ ತಾರೀಖಿನ ಜೊತೆ ಹೊತ್ತನ್ನೂ ಬರೆದಿಡುವುದು ಒಳ್ಳೆಯದು.

ದೀಪ ಹಚ್ಚುವುದೂ ಹಿಂದಿನ ಸಂಜೆಯೇ. ಅದು ಮರುದಿನ ಕತ್ತಲಾಗುವವರೆಗೆ ಉರಿಯಬೇಕು. ‘ಮನುಷ್ಯನ ಆತ್ಮವು ದೇವರ ದೀಪ’ ಎಂಬ ಬೈಬಲ್ಲಿನ ಜ್ಞಾನೋಕ್ತಿ ಪುಸ್ತಕದ ಮಾತು (20:27) ಈ ದೀಪದ ಬೇರು. ಕೊಚ್ಚಿಯ ಯಹೂದಿಗಳು ಬಳಸುತ್ತಿದ್ದದ್ದು ತೆಂಗಿನೆಣ್ಣೆ. ಗಾಜಿನ ಲೋಟದಲ್ಲಿ ತಳಕ್ಕೆ ಒಂದೆರಡು ಬೆರಳು ನೀರು, ಮೇಲೆ ಎಣ್ಣೆ, ಎಣ್ಣೆಯಲ್ಲಿ ತೇಲುವ ಬತ್ತಿ. ನೀರು ಯಾಕೆಂದರೆ, ಎಣ್ಣೆ ತೀರಿದಾಗ ಬತ್ತಿ ನೀರಿಗೆ ತಾಗಿ ತಾನಾಗಿಯೇ ಆರುತ್ತದೆ, ಗಾಜು ಕಾದು ಸೀಳುವುದಿಲ್ಲ. ಬತ್ತಿಗೆ ಮೊದಲೇ ನೀರು ಹತ್ತಿದ್ದರೆ ಚಟಪಟ ಅಂದು ಆರಿಹೋಗುತ್ತದೆ. ಆದ್ದರಿಂದ ಬತ್ತಿಯನ್ನು ಎಣ್ಣೆಯಲ್ಲಿ ಚೆನ್ನಾಗಿ ನೆನೆಸಿಯೇ ಇಡಬೇಕು. ಎಣ್ಣೆಯ ಅಳತೆಗೆ ಹಿಂದಿನ ದಿನವೇ ಒಂದು ಗಂಟೆ ಉರಿಸಿ ಎಷ್ಟು ಇಳಿಯಿತೆಂದು ನೋಡಿ, ಅದರ 26 ಪಾಲು ಹಿಡಿಸುವ ಲೋಟ ಆರಿಸಿದರೆ ನಿಶ್ಚಿಂತೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಕೊಚ್ಚಿಯಲ್ಲಿ ಈ ತೊಂದರೆಯಿಲ್ಲ. ಬೆಂಗಳೂರಿನ ಡಿಸೆಂಬರಿನಲ್ಲಿ ಹಚ್ಚುವವರು ಎಳ್ಳೆಣ್ಣೆಯನ್ನೋ ಮೇಣವನ್ನೋ ಬಳಸಲಿ. 2025ರಂತೆ ತಿಥಿ ಶನಿವಾರ ಬಿದ್ದರೆ, ಶುಕ್ರವಾರ ಸಂಜೆ ಶಬ್ಬತ್ ದೀಪಕ್ಕಿಂತ ಮೊದಲೇ ಇದನ್ನು ಹಚ್ಚಬೇಕು. ಶಬ್ಬತ್ ಹೊಕ್ಕ ಮೇಲೆ ಬೆಂಕಿ ಮುಟ್ಟುವಂತಿಲ್ಲ, ನಡುವೆ ಆರಿದರೂ ಮತ್ತೆ ಹಚ್ಚುವಂತಿಲ್ಲ. ಈ ದೀಪಕ್ಕೆ ಮಂತ್ರವಿಲ್ಲ. ಮೌನವಾಗಿ ಹೆಸರು ನೆನೆದರೆ ಸಾಕು.

ತೀರಿಹೋದವರಿಗಾಗಿ ಹೇಳುವ ಕದ್ದೀಷ್ ಪ್ರಾರ್ಥನೆ ಮಾತ್ರ ಒಬ್ಬರಿಂದ ಆಗದು. ಸಂಪ್ರದಾಯದ ಪ್ರಕಾರ 13 ತುಂಬಿದ ಹತ್ತು ಗಂಡಸರು ಕೂಡಬೇಕು. ಜ್ಯೂ ಟೌನ್‌ನ ಯಹೂದಿ ಪ್ರಾರ್ಥನಾ ಮಂದಿರವಾದ 1568ರ ಪರದೇಶಿ ಸಿನಗಾಗ್‌ನಲ್ಲಿ ಊರಿನವರಿಂದಲೇ ಹತ್ತು ತುಂಬುವ ಕಾಲ ಎಂದೋ ಮುಗಿಯಿತು. ಹೊರಗಿನಿಂದ ಬಂದವರು ಸೇರಿದರೆ ಉಂಟು. ಅರಮೇಯಿಕ್ ಭಾಷೆಯ ಆ ಪ್ರಾರ್ಥನೆಯಲ್ಲಿ ಸಾವಿನ ಸುದ್ದಿಯೇ ಇಲ್ಲ, ಇರುವುದೆಲ್ಲ ದೇವರ ಸ್ತುತಿ.

ಹತ್ತು ಜನ ಸೇರದಿದ್ದರೆ ಬೈಬಲ್ಲಿನ ಕೀರ್ತನೆ 119 ಇದೆ. ಅದರ 176 ವಚನಗಳು 22 ಹೀಬ್ರೂ ಅಕ್ಷರಗಳಿಗೆ ಎಂಟೆಂಟರಂತೆ ಹಂಚಿಕೊಂಡಿವೆ. ತೀರಿಹೋದವರ ಹೆಸರಿನ ಒಂದೊಂದು ಅಕ್ಷರಕ್ಕೂ ಅದರ ಎಂಟು ವಚನ ಓದುವುದು ರೂಢಿ. ‘ಸಾರಾ’ ಎಂದರೆ ಶಿನ್, ರೇಶ್, ಹೇ: ವಚನ 161ರಿಂದ 168, 153ರಿಂದ 160, 33ರಿಂದ 40. ಆಮೇಲೆ ‘ನೆಶಮಾ’, ಅಂದರೆ ಆತ್ಮ: ನುನ್ 105ರಿಂದ 112, ಮತ್ತೆ ಶಿನ್, ಮೇಮ್ 97ರಿಂದ 104, ಮತ್ತೆ ಹೇ. ಎಲ್ಲ ಸೇರಿ 56 ವಚನ. ಕನ್ನಡ ಬೈಬಲ್ಲಿನಲ್ಲೂ ಸಂಖ್ಯೆ ಇವೇ. ನುನ್ ಭಾಗ ಶುರುವಾಗುವುದೇ ‘ನಿನ್ನ ವಾಕ್ಯವು ನನ್ನ ಕಾಲಿಗೆ ದೀಪ’ ಎಂದು. ಪಕ್ಕದಲ್ಲಿ ದೀಪ ಉರಿಯುತ್ತಿರುವಾಗ ಈ ಸಾಲಿಗೆ ಬಂದರೆ ಗಂಟಲು ಕಟ್ಟುತ್ತದೆ.

ಹೆಂಗಸರ ನೆನಪಿಗೆ ಇನ್ನೊಂದು ಪಾಠವಿದೆ, ಜ್ಞಾನೋಕ್ತಿ 31ರ 10ರಿಂದ 31ನೇ ವಚನ. ಇದೂ ಅಕ್ಷರಮಾಲೆಯ ಕ್ರಮದ್ದೇ. ಸಾರಾ ಆಂಟಿಗಾಗಿ ಓದುವವರು 19, 20ನೇ ವಚನಗಳಲ್ಲಿ ನಿಧಾನಿಸಬೇಕು. 19ರಲ್ಲಿ ಆಕೆ ನೂಲುವ ಸಲಕರಣೆಯತ್ತ ಕೈ ಚಾಚುತ್ತಾಳೆ, ಅಂಗೈಯಲ್ಲಿ ಕದಿರು ಹಿಡಿಯುತ್ತಾಳೆ. 20ರಲ್ಲಿ ಅದೇ ಅಂಗೈ ಬಡವರಿಗೆ ಬಿಚ್ಚುತ್ತದೆ, ಅದೇ ಕೈ ದಿಕ್ಕಿಲ್ಲದವರತ್ತ ಚಾಚುತ್ತದೆ. ಹೀಬ್ರೂವಿನಲ್ಲಿ ‘ಯಾದ್’ (ಕೈ), ‘ಕಫ್’ (ಅಂಗೈ) ಎಂಬ ಪದಗಳು ಕೈ–ಅಂಗೈ, ಅಂಗೈ–ಕೈ ಎಂದು ಹೆಣೆದುಕೊಂಡಿವೆ. ‘ಚಾಚು’ ಎಂಬ ಕ್ರಿಯಾಪದವೂ ಎರಡು ಕಡೆ ಒಂದೇ. ದುಡಿಮೆಗೆ ಒಂದು ಮಾತು, ದಾನಕ್ಕೆ ಇನ್ನೊಂದು ಮಾತು ಹಾಕಿದ ಅನುವಾದಗಳಲ್ಲಿ ಈ ಹೆಣಿಗೆ ಬಿಚ್ಚಿಹೋಗುತ್ತದೆ. ಸೂಜಿ ಹಿಡಿದ ಕೈಯೇ ಪೋಸ್ಟ್‌ಕಾರ್ಡ್ ಮಾರುವ ಹುಡುಗನಿಗೆ ಬಾಗಿಲು ತೆಗೆದದ್ದು.

ಹಗಲು ದಾನ ಕೊಡುತ್ತಾರೆ. ಯಹೂದಿಗಳಲ್ಲದವರೂ ಆಕೆಯ ಹೆಸರಲ್ಲಿ ಕೊಡಬಹುದು. ಮಟ್ಟಾಂಚೇರಿಯ ಯಹೂದಿ ಸ್ಮಶಾನಕ್ಕೆ ಹೋಗುವವರು ಹೂವಿನ ಬದಲು ಒಂದು ಸಣ್ಣ ಕಲ್ಲನ್ನು ಸಮಾಧಿಯ ಮೇಲಿಟ್ಟು, ಹೊರಗೆ ಬಂದು ಕೈ ತೊಳೆಯುತ್ತಾರೆ. ಸಂಜೆ ಎಣ್ಣೆ ಇನ್ನೂ ಉಳಿದಿದ್ದರೂ ದೀಪವನ್ನು ಊದಬಾರದು. ಬತ್ತಿ ನೀರಿಗೆ ಇಳಿಯುವತನಕ ಉರಿಯಲಿ.