ಎಡಗಣ್ಣು ನಾನೇ ಕೆಡಿಸಿದ್ದು

ಭಾನುವಾರದಿಂದ ಒಂದೇ ಮಾತು ಕಿವಿಯಲ್ಲಿ ಕುಳಿತಿದೆ. ರೋಗಿಗಳ ಕಣ್ಣಿಗೆ ಹನಿ ಹಾಕುವಾಗ, ಸಾರಿಗೆ ಒಗ್ಗರಣೆ ಕೊಡುವಾಗ, ರಾತ್ರಿ ದೀಪ ಆರಿಸಿದ ಮೇಲೆ ಅದೇ ಮಾತು ಎದ್ದು ಬರುತ್ತದೆ.

"ಎಡಗಣ್ಣು ನಾನೇ ಕೆಡಿಸಿದ್ದು, ಅಲ್ಲವೇ ಯಜಮಾನರೇ?"

ಹೇಳಿದವರು ನನಗೆ ಕಣ್ಣಿನ ಶಸ್ತ್ರಚಿಕಿತ್ಸೆ ಕಲಿಸಿದ ನಮ್ಮ ಸರ್. ಆಲೂರು ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆ, ಏಳನೇ ತರಗತಿಯ ಕೋಣೆ, ಕರ್ನಾಟಕದ ಭೂಪಟದ ಕೆಳಗೆ ಒಂದು ಬೆಂಚು. ಸುತ್ತ ನಲವತ್ತೈವತ್ತು ಜನ ಸರದಿಯಲ್ಲಿ ನಿಂತಿದ್ದರು. ಹಾಸನಾಂಬೆಯ ಬಾಗಿಲು ಮುಚ್ಚಿ ಕೆಲವೇ ದಿನಗಳಾಗಿದ್ದವು. ಭತ್ತದ ಕೊಯ್ಲು ಬಿರುಸಾಗುವ ಮೊದಲು ತಪಾಸಣೆ ಶಿಬಿರ ಮುಗಿಸಬೇಕೆಂದು ಸರ್ ಅವರೇ ದಿನ ಗೊತ್ತು ಮಾಡಿದ್ದರು. ಕೊಯ್ಲಿಗೆ ಇಳಿದ ಮೇಲೆ ರೈತ ತನ್ನ ಕಣ್ಣನ್ನು ನೆನೆಯುವುದಿಲ್ಲ ಎನ್ನುವುದು ಅವರ ನಲವತ್ತೈದು ವರ್ಷಗಳ ಅನುಭವ.

ಅವರು ಟಾರ್ಚ್ ಹಿಡಿದು ಆ ಅಜ್ಜನ ರೆಪ್ಪೆ ಎತ್ತಿದರು. ಚೀಟಿ ನೋಡಲಿಲ್ಲ, ಹೆಸರು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಮಾತು. ಅಜ್ಜ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿ, "ಕೆಡಿಸಿದ್ದು ಅನ್ನಬೇಡಿ ಸ್ವಾಮಿ. ಕೈ ತಪ್ಪಿತು" ಎಂದರು.

ನಾನು ಪಕ್ಕದ ಬೆಂಚಿನಲ್ಲಿ ಕುಳಿತು ಹೆಸರು ಬರೆದುಕೊಳ್ಳುತ್ತಿದ್ದೆ. ಪೆನ್ನು ನಿಂತುಹೋಯಿತು. ಅಂದು ತಪ್ಪಿದ ಕೈ ಸರ್ ಅವರದಲ್ಲ. ಪೆನ್ನು ಹಿಡಿದಿದ್ದ ಈ ಕೈ.

ಹದಿನೆಂಟು ವರ್ಷಗಳ ಹಿಂದೆ ನಾನು ಸ್ನಾತಕೋತ್ತರ ಎರಡನೇ ವರ್ಷದ ವಿದ್ಯಾರ್ಥಿನಿ. ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆದ ಪದರ ಎಂದು ಬಹಳ ಜನ ತಿಳಿದಿದ್ದಾರೆ. ಕಣ್ಣಿನೊಳಗಿನ ಮಸೂರವೇ ಮಬ್ಬಾಗುವುದು ಪೊರೆ. ಆ ಮಸೂರ ಒಂದು ತೆಳುವಾದ ಚೀಲದೊಳಗಿರುತ್ತದೆ. ಚೀಲದ ಮುಂಭಾಗವನ್ನು ದುಂಡಗೆ ಬಿಡಿಸಿ, ಗಟ್ಟಿಯಾದ ಮಸೂರವನ್ನು ಹೊರತೆಗೆದು, ಉಳಿದ ಚೀಲದೊಳಗೆ ಕೃತಕ ಮಸೂರವನ್ನು ಕೂರಿಸಬೇಕು. ಚೀಲದ ಹಿಂಬದಿ ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳು. ಅದು ನನ್ನ ಕೈಯಲ್ಲಿ ಹರಿಯಿತು. ಮಸೂರ ಹಿಂದಿನ ಲೋಳೆಯೊಳಗೆ ಜಾರಿತು. ಸರ್ ಸಹಾಯಕರ ಜಾಗದಿಂದ ಎದ್ದು ನನ್ನ ಕುರ್ಚಿಗೆ ಬಂದರು. ಒಂದೂವರೆ ಗಂಟೆ ಹೆಣಗಿದರು. ಮುಂದೆ ಕಣ್ಣಿನ ಹಿಂದಿನ ಪರದೆಯಾದ ರೆಟಿನಾ ಕಳಚಿಕೊಂಡಿತು. ಮೇಲಿನ ಆಸ್ಪತ್ರೆಗೂ ಕಳುಹಿಸಿದ್ದಾಯಿತು. ಬೆಳಕು ಕತ್ತಲೆಯ ವ್ಯತ್ಯಾಸ ತಿಳಿಯುವಷ್ಟು ಮಾತ್ರ ಉಳಿಯಿತು.

ಅಂದು ಸಂಜೆ ವಾರ್ಡಿನ ಹೊರಗೆ ಅವರ ಮನೆಯವರು ನೆಲದ ಮೇಲೆ ಕುಳಿತಿದ್ದರು. ಸರ್ ಕೂಡ ನೆಲದ ಮೇಲೆಯೇ ಕುಳಿತು, "ನನ್ನ ಕೈಯಲ್ಲಿ ಹೀಗಾಗಿಬಿಟ್ಟಿತು" ಎಂದರು. ನಾನು ಅವರ ಹಿಂದೆ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆ ದಿನ ಬಾಯಿ ಬಿಡದಿದ್ದದ್ದು ಹದಿನೆಂಟು ವರ್ಷ ಹಾಗೆಯೇ ಉಳಿಯಿತು.

ಮರುದಿನ ಬೈಗುಳ ಬರುತ್ತದೆ ಎಂದು ಕಾದಿದ್ದೆ. ಬಂದದ್ದು ಒಂದು ಸ್ಟೀಲ್ ಟಿಫಿನ್ ಕ್ಯಾರಿಯರ್. ಬೆಳಗಿನ ಆರು ಗಂಟೆಗೆ ಸ್ಕೂಟರಿನಲ್ಲಿ ಮಟನ್ ಅಂಗಡಿಗೆ ಹೋಗಿ ಮೇಕೆಯ ಕಣ್ಣುಗಳನ್ನು ಮಂಜುಗಡ್ಡೆಯ ಮೇಲಿಟ್ಟು ತಂದಿದ್ದರು. "ಇಪ್ಪತ್ತು ಕಣ್ಣು ಮಾಡು. ಇಪ್ಪತ್ತನೆಯದನ್ನು ನನಗೆ ತೋರಿಸು. ಆಮೇಲೆ ಥಿಯೇಟರಿಗೆ ಬಾ" ಎಂದರು. ಚೀಲವನ್ನು ದುಂಡಗೆ ಬಿಡಿಸುವುದನ್ನು ಕಲಿಯಲು ಟೊಮೆಟೊ ಸಿಪ್ಪೆಯ ಮೇಲೆ ತಿಂಗಳುಗಟ್ಟಲೆ ಕೈ ಪಳಗಿಸಿದೆವು. ಹಾಸ್ಟೆಲಿನ ಅಡುಗೆಯವರು ನಮಗಾಗಿ ಗಟ್ಟಿ ಟೊಮೆಟೊಗಳನ್ನು ಆರಿಸಿ ಎತ್ತಿಡುತ್ತಿದ್ದರು. ಅವರ ಋಣವೂ ನನ್ನ ಮೇಲಿದೆ.

ಸರ್ ನನಗೆ ಕಲಿಸಿದ್ದರಲ್ಲಿ ಕೈಚಳಕ ಅರ್ಧ. ಇನ್ನರ್ಧ ನಾನು ಶಸ್ತ್ರಚಿಕಿತ್ಸೆ ಮಾಡುವಾಗ ಅವರು ಪಕ್ಕದ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಕುಳಿತಿರುತ್ತಿದ್ದ ರೀತಿ. "ನಿಲ್ಲಿಸು. ಉಸಿರು ಬಿಡು. ಈಗ ಮುಂದೆ ಹೋಗು." ಇಷ್ಟೇ ಮಾತು. ಕಲಿಸುವವರಲ್ಲಿ ಬಹಳ ಜನಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲ. ವಿದ್ಯಾರ್ಥಿಯ ಕೈಯಿಂದ ಉಪಕರಣ ಕಿತ್ತುಕೊಳ್ಳುತ್ತಾರೆ, ದಾದಿಯರ ಎದುರು ಬೈಯುತ್ತಾರೆ, ತಪ್ಪಾದರೆ ರೋಗಿಯ ಮುಂದೆ ಹುಡುಗರ ಹೆಸರು ಹೇಳುತ್ತಾರೆ. ಅಂಥವರ ಕೆಳಗೆ ಕಲಿತವರ ಕೈ ಎಷ್ಟು ಚುರುಕಾದರೂ ತಪ್ಪನ್ನು ಮುಚ್ಚಿಡುವ ಗುಣ ಅವರಿಗೆ ಅಂಟಿಕೊಳ್ಳುವುದನ್ನು ಕಂಡಿದ್ದೇನೆ. ಸರ್ ಹತ್ತಿರ ಕಲಿತೂ ನಾನು ಮುಚ್ಚಿಟ್ಟೆ ಎನ್ನುವುದು ಈ ವಾರವಿಡೀ ನನ್ನನ್ನು ಕೊರೆಯುತ್ತಿರುವ ಸಂಗತಿ.

ಅವರು ಹುಡುಗನಾಗಿದ್ದಾಗ ಅವರ ಅಜ್ಜಿಗೆ ಡಾ. ಎಂ. ಸಿ. ಮೋದಿಯವರ ಶಿಬಿರದಲ್ಲಿ ಪೊರೆ ತೆಗೆದಿದ್ದರಂತೆ. ಬೀಳಗಿಯಲ್ಲಿ ಹುಟ್ಟಿದ ಮೋದಿಯವರು ಊರೂರು ತಿರುಗಿ, ಶಾಲೆ ಛತ್ರಗಳಲ್ಲಿ ಸಾಲು ಮಂಚ ಹಾಕಿಸಿ ಬಡವರ ಕಣ್ಣು ತೆರೆಸಿದವರು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. ಆಗ ಮಸೂರವನ್ನು ತೆಗೆಯುತ್ತಿದ್ದರೇ ಹೊರತು ಅದರ ಜಾಗದಲ್ಲಿ ಇನ್ನೊಂದನ್ನು ಇಡುತ್ತಿರಲಿಲ್ಲ. ಅಜ್ಜಿಗೆ ಸೋಡಾಬುಡ್ಡಿಯಂತಹ ದಪ್ಪ ಕನ್ನಡಕ ಬಂತು. ಆ ಕನ್ನಡಕ ಹಾಕಿಕೊಂಡು ಅಜ್ಜಿ ಅಕ್ಕಿಯ ಕಲ್ಲು ಆರಿಸಿದ್ದನ್ನು ನೋಡಿಯೇ ತಾವು ಕಣ್ಣಿನ ಡಾಕ್ಟರಾದದ್ದು ಎಂದು ಸರ್ ಹೇಳುತ್ತಾರೆ.

ಕೃತಕ ಮಸೂರವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಮೊದಲ ಬಾರಿಗೆ ಕಣ್ಣಿನೊಳಗೆ ಇಟ್ಟಿದ್ದರು. ಯುದ್ಧವಿಮಾನದ ಗಾಜಿನಂತಹ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅವುಗಳನ್ನು ಸಹಿಸಿಕೊಂಡದ್ದನ್ನು ಅವರು ಗಮನಿಸಿದ್ದರು. ಆದರೆ ಅದು ನಮ್ಮ ಬಡವರ ಕೈಗೆ ಎಟುಕಲು ದಶಕಗಳೇ ಹಿಡಿದವು. ಮದುರೈಯ ಅರವಿಂದ್ ಕಣ್ಣಾಸ್ಪತ್ರೆಯವರು 1992ರಲ್ಲಿ ತಾವೇ ಮಸೂರ ತಯಾರಿಸಲು ಆರಂಭಿಸಿದ ಮೇಲೆ ಬೆಲೆ ಇಳಿಯಿತು. ಆ ಆಸ್ಪತ್ರೆಯನ್ನು ಕಟ್ಟಿದ ಡಾ. ಜಿ. ವೆಂಕಟಸ್ವಾಮಿಯವರ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಆ ಬೆರಳುಗಳಲ್ಲೇ ಚಾಕು ಹಿಡಿಯಲು ಕಲಿತರು. ನಿವೃತ್ತಿಯಾದ ಮೇಲೆ, 1976ರಲ್ಲಿ, ಹನ್ನೊಂದು ಹಾಸಿಗೆಗಳಿಂದ ಆಸ್ಪತ್ರೆ ಶುರು ಮಾಡಿದರು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಸರ್ ಈ ಕಥೆ ಹೇಳುತ್ತಿದ್ದರು. ಕೊನೆಗೆ ತಮ್ಮ ಕೈಯನ್ನು ಮುಂದೆ ಚಾಚಿ, "ಇದು ನಡುಗಲು ಶುರುವಾದ ದಿನ ಮೊದಲು ನನಗೇ ಗೊತ್ತಾಗಬೇಕು" ಎನ್ನುತ್ತಿದ್ದರು. ಆ ದಿನ ಬಂದಾಗ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಸಾಲು ಸಾಲು ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಬಲಗೈ ತುಸು ಅದುರಿತು ಎಂದು ಅವರೇ ಹೇಳಿ, ಮರುದಿನದಿಂದ ಚಾಕು ಮುಟ್ಟಲಿಲ್ಲ.

ವಿಭಾಗದ ಮುಖ್ಯಸ್ಥರಾಗಿದ್ದಾಗ ಅವರು ಮಾಡಿದ ಕೆಲಸಗಳಿಗೆ ಹಾರ ತುರಾಯಿ ಬೀಳಲಿಲ್ಲ. ಶಾಲೆಯ ಕೋಣೆಯಲ್ಲಿ ಚಾಕು ಹಿಡಿಯುವುದನ್ನು ಸಂಪೂರ್ಣ ನಿಲ್ಲಿಸಿದರು. ಹಳ್ಳಿಯಲ್ಲಿ ತಪಾಸಣೆ ಮಾತ್ರ, ಶಸ್ತ್ರಚಿಕಿತ್ಸೆಗೆ ಬಸ್ಸಿನಲ್ಲಿ ಆಸ್ಪತ್ರೆಗೇ ಕರೆತರಬೇಕು. ಒಂದು ಸೋಂಕು ಹೊಕ್ಕರೆ ಒಂದೇ ದಿನದ ಹತ್ತಾರು ಕಣ್ಣುಗಳು ಒಟ್ಟಿಗೆ ಹೋಗಬಹುದು. ತಿಂಗಳ ವರದಿಯಲ್ಲಿ ಎಷ್ಟು ಕಣ್ಣು ಮಾಡಿದೆವು ಎಂಬುದರ ಕೆಳಗೆ, ನಲವತ್ತು ದಿನಗಳ ನಂತರ ಎಷ್ಟು ಜನಕ್ಕೆ ನಿಜವಾಗಿ ಕಾಣುತ್ತಿದೆ ಎಂಬ ಇನ್ನೊಂದು ಸಾಲನ್ನು ಅವರೇ ಸೇರಿಸಿದರು. ಆ ಸಾಲಿನಿಂದ ಮೇಲಿನವರಿಗೆ ಸಿಟ್ಟು ಬರುತ್ತಿತ್ತು, ಅಂಕಿ ಇಳಿಯುತ್ತದೆ ಎಂದು. ಅವರು ಸಾಲನ್ನು ತೆಗೆಯಲಿಲ್ಲ.

ಭಾನುವಾರದ ಶಿಬಿರಕ್ಕೆ ಒಬ್ಬ ಮುಖಂಡರು ಬಂದಿದ್ದರು. ಅಜ್ಜನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡು ಹೊರಟರು. ಅವರ ಬಗ್ಗೆ ಬರೆಯಲು ಏನೂ ಇಲ್ಲ. ಬರೆಯಬೇಕಾದದ್ದು ಆ ಶಾಲೆಯ ಮುಖ್ಯೋಪಾಧ್ಯಾಯಿನಿಯ ಬಗ್ಗೆ. ಮಕ್ಕಳ ಕಣ್ಣು ಪರೀಕ್ಷೆಗೆಂದು ಕೊಟ್ಟಿದ್ದ ಅಕ್ಷರ ಫಲಕವನ್ನು ಅವರು ಬೀರುವಿನಲ್ಲಿಟ್ಟು ಬೀಗ ಹಾಕಿಲ್ಲ. ಆರು ಮೀಟರ್ ದೂರವನ್ನು ನೆಲದ ಮೇಲೆ ಬಣ್ಣದಲ್ಲಿ ಗುರುತು ಮಾಡಿಸಿ, ಏಳನೇ ತರಗತಿಯ ಹುಡುಗಿಯರಿಗೆ ಪರೀಕ್ಷೆ ಮಾಡುವುದನ್ನು ಕಲಿಸಿದ್ದಾರೆ. ಅವರಲ್ಲೊಬ್ಬಳು ಮನೆಗೆ ಹೋಗಿ, ತೊಲೆಗೆ ಫಲಕ ಕಟ್ಟಿ, ತಾತನನ್ನು ನಿಲ್ಲಿಸಿದ್ದಾಳೆ. ತಾತನಿಗೆ ಮೇಲಿನ ದೊಡ್ಡ ಅಕ್ಷರವೂ ಕಾಣಲಿಲ್ಲ. ಕೈಹಿಡಿದು ಶಿಬಿರಕ್ಕೆ ಕರೆತಂದಳು. ಆ ತಾತನೇ ಈ ಅಜ್ಜ.

ಒಂದು ಕಣ್ಣು ಹೋದ ಮೇಲೆ ಅವರು ಹದಿನೆಂಟು ವರ್ಷ ಯಾವ ಡಾಕ್ಟರ ಹತ್ತಿರವೂ ಸುಳಿದಿರಲಿಲ್ಲ. ಬಲಗಣ್ಣು ಮಂಜಾದಾಗ ನಂದಿಬಟ್ಟಲು ಹೂವಿನ ರಸ ಬಿಟ್ಟುಕೊಂಡರಂತೆ. ಔಷಧದ ಅಂಗಡಿಯವನು ಯಾವುದೋ ಹನಿ ಕೊಟ್ಟನಂತೆ. ಚೀಟಿ ಇಲ್ಲದೆ ಸ್ಟೀರಾಯ್ಡ್ ಹನಿ ಮಾರುವವರನ್ನು ನಾನು ಕ್ಷಮಿಸಲಾರೆ. ಭತ್ತದ ಗರಿ ತಾಗಿ ಶಿಲೀಂಧ್ರ ಹತ್ತಿದ ಕಣ್ಣಿಗೆ ಆ ಹನಿ ಬಿದ್ದರೆ ಹುಣ್ಣು ಬೆಳೆಯುತ್ತಲೇ ಹೋಗುತ್ತದೆ. ಪ್ರತಿ ಸುಗ್ಗಿಯ ನಂತರ ಅಂಥ ಕಣ್ಣುಗಳನ್ನು ನೋಡುತ್ತೇನೆ.

ಅಜ್ಜ ಸರ್ ಅವರನ್ನು ಇನ್ನೊಂದು ಪ್ರಶ್ನೆ ಕೇಳಿದರು. "ಅಪ್ಪು ಕೊಟ್ಟ ಹಾಗೆ ಯಾರಾದರೂ ಕೊಟ್ಟರೆ ಎಡಗಣ್ಣಿಗೆ ಹಾಕಲು ಬರುತ್ತದೆಯೇ?" 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಈ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ದಾನದಿಂದ ಬರುವುದು ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಮಾತ್ರ. ನಿಮ್ಮದು ಹಿಂದಿನ ಪರದೆಯೇ ಹೋಗಿದೆ, ಅದಕ್ಕೆ ಉಪಾಯವಿಲ್ಲ ಎಂದು ಸರ್ ಬಿಡಿಸಿ ಹೇಳಿದರು. ಸುಳ್ಳು ಆಸೆ ಹುಟ್ಟಿಸಲಿಲ್ಲ. "ಬಲಗಣ್ಣಿಗೆ ಉಪಾಯವಿದೆ. ಇವರು ಮಾಡುತ್ತಾರೆ" ಎಂದು ನನ್ನ ಕಡೆ ಕೈ ತೋರಿಸಿದರು.

ಅಲ್ಲಿಯವರೆಗೆ ಅವರು ನನ್ನ ಕಡೆ ಒಮ್ಮೆಯೂ ನೋಡಿರಲಿಲ್ಲ. "ನಾನೇ ಕೆಡಿಸಿದ್ದು" ಎಂದಾಗಲಾದರೂ ನೋಡಿದ್ದರೆ ನನಗೆ ಹಗುರವಾಗುತ್ತಿತ್ತು. ಆ ನೋಟದಲ್ಲಿ ಒಂದು ಆಪಾದನೆ ಇದ್ದಿದ್ದರೂ ಸಾಕಿತ್ತು. ಅವರು ನಿಜವಾಗಿಯೂ ಅದನ್ನು ತಮ್ಮ ತಪ್ಪೆಂದೇ ತಿಳಿದಿದ್ದಾರೆ ಎಂಬುದು ಆ ಕ್ಷಣ ಹೊಳೆಯಿತು. ಸಿದ್ಧಳಾಗದ ಹುಡುಗಿಯ ಕೈಗೆ ಆ ಕಣ್ಣನ್ನು ಕೊಟ್ಟದ್ದು ತಾವು ಎಂದು ಅವರು ಹದಿನೆಂಟು ವರ್ಷ ಹೊತ್ತಿದ್ದಾರೆ.

ನಾವು ಕಲಿಯುವುದು ಯಾರ ಕಣ್ಣಿನ ಮೇಲೆ? ಹಣವಿದ್ದವರು ಹೆಸರು ವಿಚಾರಿಸಿ ಡಾಕ್ಟರನ್ನು ಆರಿಸಿಕೊಳ್ಳುತ್ತಾರೆ. ಶಿಬಿರದ ಬಸ್ಸಿನಲ್ಲಿ ಬಂದವರು ಆ ದಿನ ಮೈಕ್ರೋಸ್ಕೋಪಿನ ಮುಂದೆ ಯಾರು ಕುಳಿತಿರುತ್ತಾರೋ ಅವರನ್ನು ನಂಬಿ ಮಲಗುತ್ತಾರೆ. ಇಂದು ನನ್ನ ಕೈ ಪಳಗಿದೆ ಎಂದು ಜನ ಹುಡುಕಿಕೊಂಡು ಬರುತ್ತಾರೆ. ಆ ಕೈ ಪಳಗಿದ್ದು ಆಲೂರು, ಅರಕಲಗೂಡು, ಸಕಲೇಶಪುರದ ಕೂಲಿಯವರ, ರೈತರ ಕಣ್ಣುಗಳಲ್ಲಿ. ಮೇಕೆಯ ಕಣ್ಣು ಎಷ್ಟು ಮಾಡಿದರೂ ಮೊದಲ ಮನುಷ್ಯನ ಕಣ್ಣು ಯಾರದಾದರೂ ಆಗಲೇಬೇಕು, ಬೇರೆ ದಾರಿ ಇಲ್ಲ ಎಂಬುದನ್ನು ಬಲ್ಲೆ. ಹಾಗಾದರೆ ಅದನ್ನು ಅವರಿಗೆ ಹೇಳಬೇಕು. "ಇವರು ಕಲಿಯುತ್ತಿದ್ದಾರೆ, ನಾನು ಪಕ್ಕದಲ್ಲಿದ್ದೇನೆ, ಒಪ್ಪಿಗೆಯೇ?" ಎಂದು ಅವರ ಭಾಷೆಯಲ್ಲಿ ಕೇಳಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಅದನ್ನು ಕೇಳುವುದಿಲ್ಲ.

ಬುಧವಾರ ಸರ್ ಮನೆಗೆ ಹೋದೆ. ಅಜ್ಜನಿಗೆ ನಿಜ ಹೇಳುತ್ತೇನೆ ಎಂದೆ. ಅವರು ಕಾಫಿ ಲೋಟ ಕೆಳಗಿಟ್ಟು, "ನಿನ್ನ ಮನಸ್ಸು ಹಗುರವಾಗಲಿ ಎಂದೇ?" ಎಂದು ಕೇಳಿದರು. ಉತ್ತರಕ್ಕೆ ಹೊತ್ತು ಹಿಡಿಯಿತು. "ಅದೂ ಇರಬಹುದು ಸರ್. ಆದರೆ ಅವರಿಗೆ ಉಳಿದಿರುವುದು ಒಂದೇ ಕಣ್ಣು. ಅದನ್ನು ಯಾರ ಕೈಗೆ ಕೊಡುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿರಬೇಕು" ಎಂದೆ. ಸರ್ ತಲೆಯಾಡಿಸಿದರು. ಜೊತೆಗೆ ಬರುತ್ತೇನೆ ಎನ್ನಲಿಲ್ಲ.

ಗುರುವಾರ ಸಂಜೆ ಆ ಹಳ್ಳಿಗೆ ಹೋಗಿ ಅವರ ಜಗಲಿಯಲ್ಲಿ ಕುಳಿತು ಹೇಳಿದೆ. "ಅಜ್ಜ, ಅವತ್ತು ಕೈ ತಪ್ಪಿದ್ದು ನನ್ನದು. ಸರ್ ಅವರದಲ್ಲ." ಅವರ ಸೊಸೆ ಬಾಗಿಲಲ್ಲಿ ನಿಂತು ನನ್ನನ್ನು ದಿಟ್ಟಿಸಿದರು. ಆ ನೋಟದಲ್ಲಿ ಸಿಟ್ಟಿತ್ತು, ಇರಲೇಬೇಕಾಗಿತ್ತು. ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಮೊಮ್ಮಗಳ ಕೈಯನ್ನು ತಡವಿ ಹಿಡಿದುಕೊಂಡರು. ಆಮೇಲೆ, "ಸೋಮವಾರ ದೊಡ್ಡ ಡಾಕ್ಟರು ಪಕ್ಕದಲ್ಲಿ ಇರುತ್ತಾರೇನಮ್ಮ?" ಎಂದು ಕೇಳಿದರು.

"ಇರುತ್ತಾರೆ" ಎಂದೆ. ಸರ್ ಅವರನ್ನು ನಾನಿನ್ನೂ ಕೇಳಿರಲಿಲ್ಲ.

"ಹಾಗಾದರೆ ಬರುತ್ತೇನೆ."

ಸೊಸೆ ಏನೂ ಹೇಳದೆ ಒಳಗೆ ಹೋದರು. ಮೊಮ್ಮಗಳು ಮಾತ್ರ ರಸ್ತೆಯವರೆಗೂ ಬಂದು, ಶಸ್ತ್ರಚಿಕಿತ್ಸೆಗೆ ಎಷ್ಟು ಹೊತ್ತು ಹಿಡಿಯುತ್ತದೆ, ತಾತನಿಗೆ ನೋವಾಗುತ್ತದೆಯೇ, ಎಷ್ಟು ದಿನ ತಲೆಗೆ ನೀರು ಹಾಕಬಾರದು ಎಂದೆಲ್ಲ ಕೇಳಿ ಹಸ್ತದ ಮೇಲೆ ಬರೆದುಕೊಂಡಳು.

ಇಂದು ಶನಿವಾರ. ಬೆಳಿಗ್ಗೆ ಆರು ಗಂಟೆಗೆ ಮಟನ್ ಅಂಗಡಿಗೆ ಹೋಗಿ ಆರು ಕಣ್ಣು ತಂದೆ. ಅಂಗಡಿಯವನಿಗೆ ಸ್ಟೀಲ್ ಕ್ಯಾರಿಯರ್ ಕಂಡು ಸರ್ ನೆನಪಾದರಂತೆ. ಹಣ ಬೇಡ ಎಂದ, ನಾನು ಕೊಟ್ಟು ಬಂದೆ. ಐದು ಮುಗಿಸಿದ್ದೇನೆ. ಆರನೆಯದನ್ನು ಮಂಜುಗಡ್ಡೆಯ ಮೇಲಿಟ್ಟಿದ್ದೇನೆ. ಸಂಜೆ ಸರ್ ಬರುತ್ತೇನೆಂದಿದ್ದಾರೆ, ಅದನ್ನು ಅವರಿಗೆ ತೋರಿಸಬೇಕು.